ಟೆಲಿಮೆಟ್ರಿಕ್ ಮಳೆಮಾಪಕ ಕೇಂದ್ರಗಳು: ಮಾಹಿತಿಯ ನಿರಂತರ ರವಾನೆ ಮತ್ತು ಬೆಳೆ ವಿಮೆ ಅರ್ಜಿದಾರರು ತಿಳಿದಿರಬೇಕಾದ ವಿಷಯಗಳು

1. ಪೀಠಿಕೆ

ರಾಜ್ಯದಲ್ಲಿ ಬರ ಪರಿಸ್ಥಿತಿಯ ಮೇಲೆ ನಿಗಾ ವಹಿಸುವ ಸಲುವಾಗಿ 1988ರಲ್ಲಿ ಬರ ಉಸ್ತುವಾರಿ ಕೋಶವನ್ನು ಸ್ಥಾಪಿಸಲಾಯಿತು. ಸದರಿ ಕೋಶವು 2007ರಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಮರುನಾಮಕರಣಗೊಂಡಿತು. ಈ ಕೇಂದ್ರದ ಮೂಲಕ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಅಳವಡಿಸಲಾಗಿದೆ. ಇವು ಸೌರಶಕ್ತಿಯಿಂದ ಕಾರ್ಯನಿರ್ವಹಿಸಿ, ಪ್ರತಿ 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮುಖಾಂತರ ಮಾಹಿತಿಯನ್ನು ಕೇಂದ್ರಕ್ಕೆ ರವಾನಿಸುತ್ತವೆ.

ಈ ಮಾಹಿತಿಯು ಬರ ಹಾಗೂ ನೆರೆ ಪರಿಸ್ಥಿತಿಯ ಅವಲೋಕನಕ್ಕೆ ಮಾತ್ರ ಸೀಮಿತವಾಗಿಲ್ಲ. 2016ರ ಮುಂಗಾರು ಹಂಗಾಮಿನಿಂದ ಜಾರಿಯಲ್ಲಿರುವ ಮರುವಿನ್ಯಾಸಗೊಳಿಸಿದ ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆಯಲ್ಲಿ ಅಡಿಕೆ, ಕಾಳುಮೆಣಸು ಮುಂತಾದ ಬೆಳೆಗಳ ವಿಮಾ ಪರಿಹಾರವು ಹವಾಮಾನದ ಅಂಕಿ ಅಂಶಗಳನ್ನೇ ಆಧರಿಸಿದೆ. ಇಳುವರಿಯನ್ನು ಅಳೆಯುವ ಬೆಳೆ ಕಟಾವು ಪ್ರಯೋಗ ಇಲ್ಲಿ ಇರುವುದಿಲ್ಲ. ಆದ್ದರಿಂದ ಮಳೆಮಾಪಕವೊಂದು ಕೆಲವು ದಿನ ಸಂಪರ್ಕ ಕಳೆದುಕೊಂಡಲ್ಲಿ, ಅದರ ಪರಿಣಾಮವು ಆ ವ್ಯಾಪ್ತಿಯ ಎಲ್ಲ ರೈತ ಕುಟುಂಬಗಳನ್ನು ತಟ್ಟಬಹುದು. ಈ ಹಿನ್ನೆಲೆಯಲ್ಲಿ ಸಾರ್ವಜನಿಕರ ತಿಳಿವಳಿಕೆಗಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಕೇಂದ್ರದ ಭಾಗಗಳು ಮತ್ತು ಕಾರ್ಯವಿಧಾನ

ಸ್ವಯಂಚಾಲಿತ ಮಳೆಮಾಪಕದಲ್ಲಿ ಸಾಮಾನ್ಯವಾಗಿ ಕೆಳಕಂಡ ಭಾಗಗಳಿರುತ್ತವೆ.

ಅ) ಮಳೆ ಸಂಗ್ರಹಿಸುವ ಆಲಿಕೆ ಹಾಗೂ ಅದರ ಕೆಳಗೆ ತೂಗುವ ಜೋಡಿ ಬಟ್ಟಲು. ನಿಗದಿತ ಪ್ರಮಾಣದ ನೀರು ತುಂಬಿದೊಡನೆ ಬಟ್ಟಲು ಒಂದು ಬದಿಗೆ ಮಗುಚುತ್ತದೆ. ಪ್ರತಿ ಮಗುಚುವಿಕೆಯೂ ಒಂದು ವಿದ್ಯುತ್ ಸಂಕೇತವಾಗಿ ಎಣಿಕೆಗೆ ಸೇರುತ್ತದೆ. ಉದಾಹರಣೆಗೆ, ಒಂದು ಮಗುಚುವಿಕೆ 0.5 ಮಿ.ಮೀ. ಮಳೆಗೆ ಸಮನಾದ ಯಂತ್ರದಲ್ಲಿ 80 ಮಗುಚುವಿಕೆಗಳೆಂದರೆ 40 ಮಿ.ಮೀ. ಮಳೆ.

ಆ) ಎಣಿಕೆಯನ್ನು ದಿನಾಂಕ ಮತ್ತು ವೇಳೆಯೊಂದಿಗೆ ದಾಖಲಿಸುವ ದತ್ತಾಂಶ ದಾಖಲೆ ಯಂತ್ರ, ಅಂದರೆ ಡೇಟಾ ಲಾಗರ್.

ಇ) ಮೊಬೈಲ್ ಸಿಮ್ ಹೊಂದಿರುವ ಮೋಡೆಮ್ ಮತ್ತು ಆಂಟೆನಾ.

ಈ) ಸೌರ ಫಲಕ, ಚಾರ್ಜ್ ನಿಯಂತ್ರಕ ಮತ್ತು ಬ್ಯಾಟರಿ.

15 ನಿಮಿಷಕ್ಕೊಂದರಂತೆ ದಿನವೊಂದಕ್ಕೆ ಒಂದು ಕೇಂದ್ರದಿಂದ 96 ದಾಖಲೆಗಳು ಬರಬೇಕು. ಇವುಗಳನ್ನು ಸ್ವೀಕರಿಸಿ ಸಂಗ್ರಹಿಸುವ ದೂರದ ಗಣಕ ವ್ಯವಸ್ಥೆಯನ್ನು ಸರ್ವರ್ ಅಥವಾ ಕ್ಲೌಡ್ ಎಂದು ಕರೆಯಲಾಗುತ್ತದೆ. ಕ್ಲೌಡ್ ಎಂಬ ಪದಕ್ಕೆ ಮೋಡವೆಂಬ ಅರ್ಥವಿದ್ದರೂ, ಇಲ್ಲಿ ಅದು ಅಂತರಜಾಲದ ಮೂಲಕ ಎಲ್ಲಿಂದಲಾದರೂ ತಲುಪಬಹುದಾದ ಗಣಕಗಳ ಸಮೂಹವನ್ನು ಸೂಚಿಸುತ್ತದೆ.

3. ಸಂಪರ್ಕ ಕಡಿತಗೊಳ್ಳುವ ಸಾಮಾನ್ಯ ಕಾರಣಗಳು

ಅ) ವಿದ್ಯುತ್ ಕೊರತೆ: ಮುಂಗಾರಿನಲ್ಲಿ ಮಲೆನಾಡು ಹಾಗೂ ಕರಾವಳಿಯಲ್ಲಿ ಹಲವು ದಿನ ಬಿಸಿಲು ಕಾಣುವುದಿಲ್ಲ. ಸೌರ ಫಲಕದ ಮೇಲೆ ಪಾಚಿ, ಧೂಳು ಅಥವಾ ಮರದ ನೆರಳು ಇದ್ದಲ್ಲಿ ಬ್ಯಾಟರಿ ಬರಿದಾಗುತ್ತದೆ. ಮಳೆಯ ಮಾಹಿತಿ ಅತ್ಯಗತ್ಯವಾದ ದಿನಗಳಲ್ಲೇ ಯಂತ್ರವು ಸ್ಥಗಿತಗೊಳ್ಳುವ ಸಂಭವ ಹೆಚ್ಚು.

ಆ) ಮೊಬೈಲ್ ಗೋಪುರದ ಸ್ಥಗಿತ: ಗಾಳಿ ಮಳೆಗೆ ವಿದ್ಯುತ್ ಮಾರ್ಗ ಕಡಿದು, ಗೋಪುರದ ಬ್ಯಾಟರಿಯೂ ಮುಗಿದಲ್ಲಿ ಮಳೆಮಾಪಕ ಸುಸ್ಥಿತಿಯಲ್ಲಿದ್ದರೂ ಮಾಹಿತಿ ಹೊರಹೋಗುವುದಿಲ್ಲ.

ಇ) ಜಾಲದ ಬದಲಾವಣೆ: 2ಜಿ ತಂತ್ರಜ್ಞಾನದ ಮೋಡೆಮ್‌ಗೆ 2ಜಿ ಸೇವೆಯಿಲ್ಲದ ಜಾಲದಲ್ಲಿ ಸಂಪರ್ಕ ದೊರೆಯುವುದಿಲ್ಲ. ಸಿಮ್ ಅವಧಿ ಮುಗಿದಾಗಲೂ ಇದೇ ಸ್ಥಿತಿ ಉಂಟಾಗುತ್ತದೆ.

ಈ) ತೋರಿಕೆಯ ಸಂಪರ್ಕ: ಕೆಲವೊಮ್ಮೆ ಮೊಬೈಲ್ ಜಾಲವು ಬಹುಕಾಲ ಬಳಕೆಯಾಗದ ಸಂಪರ್ಕವನ್ನು ಸದ್ದಿಲ್ಲದೆ ಮುಚ್ಚುತ್ತದೆ. ಯಂತ್ರವು ಸಂಪರ್ಕ ಇದೆಯೆಂದೇ ಭಾವಿಸಿ ಕಳುಹಿಸಿದ ಮಾಹಿತಿ ಎಲ್ಲಿಯೂ ತಲುಪುವುದಿಲ್ಲ.

ಉ) ಸಿಡಿಲು, ಇರುವೆ ಹಾಗೂ ಹಲ್ಲಿಗಳ ವಾಸ, ತಂತಿಗಳ ತುಕ್ಕು, ಕಳವು ಮತ್ತು ಕಿಡಿಗೇಡಿತನ.

4. ರವಾನೆಯನ್ನು ವಿಶ್ವಾಸಾರ್ಹವಾಗಿರಿಸುವ ಕ್ರಮಗಳು

ಜಾಲವು ಎಂದಿಗೂ ಕಡಿತಗೊಳ್ಳದಂತೆ ಮಾಡುವುದು ಸಾಧ್ಯವಿಲ್ಲ. ಕಡಿತಗೊಂಡರೂ ಮಾಹಿತಿ ನಷ್ಟವಾಗದಂತೆ ನೋಡಿಕೊಳ್ಳುವುದು ಸಾಧ್ಯ. ತತ್ಸಂಬಂಧ ಅನುಸರಿಸಬೇಕಾದ ಪ್ರಮುಖ ಕ್ರಮಗಳು ಕೆಳಕಂಡಂತಿವೆ.

ಅ) ಮೊದಲು ದಾಖಲೆ, ನಂತರ ರವಾನೆ: ಪ್ರತಿ ದಾಖಲೆಯನ್ನು ಯಂತ್ರದ ಶಾಶ್ವತ ಸ್ಮೃತಿಯಲ್ಲಿ ಉಳಿಸಿದ ನಂತರವೇ ಕಳುಹಿಸತಕ್ಕದ್ದು. ಒಂದು ತಿಂಗಳ ದಾಖಲೆಗಳು 2,880 ಮಾತ್ರ. ಇವುಗಳನ್ನು ಸಂಗ್ರಹಿಸಲು ಅಲ್ಪ ಸ್ಮೃತಿ ಸಾಕು.

ಆ) ಸ್ವೀಕೃತಿ ಪಡೆಯುವುದು: ಕಚೇರಿಯ ಟಪಾಲು ವಹಿಯಲ್ಲಿ ಸ್ವೀಕೃತಿ ಸಹಿ ಪಡೆಯುವಂತೆ, ಸರ್ವರ್‌ನಿಂದ ಸ್ವೀಕೃತಿ ಬರುವವರೆಗೆ ದಾಖಲೆಯನ್ನು ಬಾಕಿಯೆಂದೇ ಪರಿಗಣಿಸಬೇಕು. 1999ರಲ್ಲಿ ತೈಲ ಕೊಳವೆ ಮಾರ್ಗಗಳ ನಿಗಾವಣೆಗಾಗಿ ರೂಪುಗೊಂಡ ಎಂಕ್ಯೂಟಿಟಿ ಎಂಬ ಸಂವಹನ ನಿಯಮಾವಳಿಯಲ್ಲಿ ಇಂತಹ ಸ್ವೀಕೃತಿಗೆ ಅವಕಾಶವಿದೆ. ಒಂದೇ ದಾಖಲೆ ಎರಡು ಬಾರಿ ತಲುಪಿದಲ್ಲಿ ಕ್ರಮಸಂಖ್ಯೆಯ ಆಧಾರದ ಮೇಲೆ ಒಂದನ್ನು ಕೈಬಿಡಲಾಗುತ್ತದೆ.

ಇ) ಅಂತರವಿಟ್ಟು ಮರುಪ್ರಯತ್ನ: ಸಂಪರ್ಕ ದೊರೆಯದಿದ್ದಾಗ ನಿರಂತರವಾಗಿ ಪ್ರಯತ್ನಿಸಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಆದ್ದರಿಂದ 1, 2, 4, 8 ನಿಮಿಷಗಳಂತೆ ಅಂತರವನ್ನು ಹೆಚ್ಚಿಸುತ್ತ, ಒಂದು ಗರಿಷ್ಠ ಮಿತಿಯೊಳಗೆ ಮರುಪ್ರಯತ್ನಿಸಬೇಕು. ಸಾವಿರಾರು ಕೇಂದ್ರಗಳು ಒಂದೇ ಕ್ಷಣದಲ್ಲಿ ಕಳುಹಿಸಿದರೆ ಸರ್ವರ್ ಮೇಲೆ ಒತ್ತಡ ಬೀಳುವುದರಿಂದ, ಪ್ರತಿ ಕೇಂದ್ರವೂ ಕೆಲವು ಸೆಕೆಂಡುಗಳ ಹೆಚ್ಚುಕಡಿಮೆ ಅಂತರದಲ್ಲಿ ಕಳುಹಿಸುವುದು ಸೂಕ್ತ.

ಈ) ಕ್ಷೇಮ ಸಂದೇಶ: ಮಳೆ ಬಾರದ ದಿನವೂ ಯಂತ್ರವು ತನ್ನ ಬ್ಯಾಟರಿ ಮಟ್ಟ ಹಾಗೂ ಸಿಗ್ನಲ್ ಬಲವನ್ನು ತಿಳಿಸುತ್ತಿರಬೇಕು. ಬ್ಯಾಟರಿ ಮಟ್ಟವು ದಿನದಿಂದ ದಿನಕ್ಕೆ ಇಳಿಯುತ್ತಿದ್ದಲ್ಲಿ, ಯಂತ್ರ ನಿಲ್ಲುವ ಮೊದಲೇ ದುರಸ್ತಿಗೆ ತೆರಳಬಹುದು.

ಉ) ಸ್ವಯಂ ಪುನರಾರಂಭ: ತಂತ್ರಾಂಶ ಸ್ತಬ್ಧಗೊಂಡಲ್ಲಿ ಯಂತ್ರವನ್ನು ತಾನಾಗಿಯೇ ಪುನಃ ಆರಂಭಿಸುವ ಕಾವಲು ಗಡಿಯಾರದ ವ್ಯವಸ್ಥೆ ಇರಬೇಕು.

ಊ) ಒಟ್ಟು ಎಣಿಕೆ: ಪ್ರತಿ ಸಂದೇಶದಲ್ಲಿ 15 ನಿಮಿಷದ ಮಳೆಯೊಂದಿಗೆ ಹಂಗಾಮಿನ ಆರಂಭದಿಂದ ಆದ ಒಟ್ಟು ಮಳೆಯನ್ನೂ ಸೇರಿಸುವುದು ಉತ್ತಮ. ಸಂಪರ್ಕ ತಪ್ಪುವ ಮೊದಲು ಒಟ್ಟು 1,240 ಮಿ.ಮೀ., ಮರಳಿ ಬಂದಾಗ 1,312 ಮಿ.ಮೀ. ಇದ್ದಲ್ಲಿ, ನಡುವಿನ ದಾಖಲೆಗಳು ದೊರೆಯದಿದ್ದರೂ ಆ ಅವಧಿಯಲ್ಲಿ 72 ಮಿ.ಮೀ. ಮಳೆಯಾಗಿರುವುದು ತಿಳಿಯುತ್ತದೆ.

5. ಶೂನ್ಯ ಮಳೆ ಮತ್ತು ಮಾಹಿತಿ ಇಲ್ಲದಿರುವಿಕೆ

ಇವೆರಡೂ ಬೇರೆ ಬೇರೆ ಎಂಬುದನ್ನು ಅರ್ಜಿದಾರರು ಮುಖ್ಯವಾಗಿ ಗಮನಿಸಬೇಕು. ಯಂತ್ರವು ಸುಸ್ಥಿತಿಯಲ್ಲಿದ್ದು ಮಳೆ ಬಾರದಿದ್ದಾಗ ಮಾತ್ರ ಅದು ಶೂನ್ಯ ಮಳೆ. ಯಂತ್ರದಿಂದ ಸಂದೇಶವೇ ಬಾರದಿದ್ದಾಗ ಅದು ಮಾಹಿತಿ ಇಲ್ಲದ ಅವಧಿ. ಅಂತಹ ಅವಧಿಯನ್ನು ಶೂನ್ಯವೆಂದು ಎಣಿಸಿದಲ್ಲಿ, ಅತಿವೃಷ್ಟಿಯಿಂದ ಕೊಳೆರೋಗ ತಗುಲಿದ ಅಡಿಕೆ ತೋಟವು ಕಾಗದದ ಮೇಲೆ ಒಣಹವೆಯಲ್ಲಿದ್ದಂತೆ ಕಾಣುತ್ತದೆ. ಹಾಗೆಯೇ ಮಳೆ ಬಂದ ದಿನಗಳನ್ನು ಒಣ ದಿನಗಳೆಂದು ಪರಿಗಣಿಸಿದಂತಾಗುತ್ತದೆ.

ಆಲಿಕೆಯಲ್ಲಿ ಎಲೆ ಕಟ್ಟಿಕೊಂಡಾಗ ಮೂರನೆಯ ಸಮಸ್ಯೆಯೊಂದು ಉಂಟಾಗುತ್ತದೆ. ಸಂಪರ್ಕ ಸರಿಯಿದ್ದು ಸಂದೇಶವೂ ಬರುತ್ತದೆ. ಆದರೆ ಅಂಕಿ ಮಾತ್ರ ಶೂನ್ಯವಾಗಿರುತ್ತದೆ, ಅಥವಾ ಮಳೆ ನಿಂತ ಮೇಲೆಯೂ ಹನಿಹನಿಯಾಗಿ ಮುಂದುವರಿಯುತ್ತದೆ. ಇದನ್ನು ಸರ್ವರ್ ತಾನಾಗಿ ಅರಿಯಲಾರದು. ನೆರೆಯ ಕೇಂದ್ರಗಳ ಅಂಕಿಗಳೊಂದಿಗೆ ಹೋಲಿಸಿ ಹಾಗೂ ಸ್ಥಳ ಪರಿಶೀಲಿಸಿ ಪತ್ತೆ ಹಚ್ಚಬೇಕಾಗುತ್ತದೆ.

6. ವಿಮೆ ಅರ್ಜಿದಾರರಿಗೆ ಸೂಚನೆಗಳು

ಅ) ಸದರಿ ಯೋಜನೆಯಲ್ಲಿ ವಾಣಿಜ್ಯ ಹಾಗೂ ತೋಟಗಾರಿಕೆ ಬೆಳೆಗಳಿಗೆ ರೈತರ ಪಾಲಿನ ವಿಮಾ ಕಂತು ವಿಮಾ ಮೊತ್ತದ ಗರಿಷ್ಠ ಶೇ. 5. ಅಂದರೆ 1,00,000 ರೂ. ವಿಮಾ ಮೊತ್ತಕ್ಕೆ 5,000 ರೂ. ಮೀರುವುದಿಲ್ಲ. 2020ರ ಮುಂಗಾರು ಹಂಗಾಮಿನಿಂದ ಸಾಲ ಪಡೆದ ರೈತರಿಗೂ ಯೋಜನೆಯು ಐಚ್ಛಿಕವಾಗಿದೆ.

ಆ) ನೋಂದಣಿಗೆ ಮುನ್ನ ತಮ್ಮ ಬೆಳೆ ಮತ್ತು ವಿಮಾ ಘಟಕಕ್ಕೆ ಅನ್ವಯಿಸುವ ಹವಾಮಾನ ಕೇಂದ್ರ ಯಾವುದು, ಅದು ಕೆಟ್ಟಲ್ಲಿ ಪರಿಗಣಿಸುವ ಬದಲಿ ಕೇಂದ್ರ ಯಾವುದು ಎಂಬುದನ್ನು ತಿಳಿದುಕೊಳ್ಳುವುದು.

ಇ) ಎಷ್ಟು ಮಳೆಗೆ ಎಷ್ಟು ಪರಿಹಾರ ಎಂಬುದನ್ನು ನಮೂದಿಸಿರುವ ಷರತ್ತುಗಳ ಪಟ್ಟಿಯನ್ನು ಪಡೆದು ಓದಿಕೊಳ್ಳುವುದು.

ಈ) ಸೇರ್ಪಡೆಯ ವಿವರಗಳು ಸಂರಕ್ಷಣೆ ತಂತ್ರಾಂಶದಲ್ಲಿ ಸರಿಯಾಗಿ ದಾಖಲಾಗಿವೆಯೇ ಎಂದು ಪರಿಶೀಲಿಸಿ, ಸ್ವೀಕೃತಿಯನ್ನು ಕಾಯ್ದಿರಿಸುವುದು.

ಉ) ಯಂತ್ರ ಕೆಟ್ಟಿರುವುದು ಕಂಡುಬಂದಲ್ಲಿ ಹಂಗಾಮು ಮುಗಿಯುವವರೆಗೆ ಕಾಯದೆ, ದಿನಾಂಕ ಹಾಗೂ ಸ್ಥಳ ನಮೂದಿಸಿ, ಗ್ರಾಮ ಪಂಚಾಯಿತಿ ಕಚೇರಿ ಹಾಗೂ ರೈತ ಸಂಪರ್ಕ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯ ಕಚೇರಿಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯುವುದು. ಛಾಯಾಚಿತ್ರ ಲಗತ್ತಿಸುವುದು ಸೂಕ್ತ.

7. ಸಾರ್ವಜನಿಕರ ಸಹಕಾರ

ಮಳೆಮಾಪಕದ ಸುತ್ತಲಿನ ಮರ ಅಥವಾ ಕಟ್ಟಡವು ತನ್ನ ಎತ್ತರದ ಎರಡು ಪಟ್ಟಿಗಿಂತ ಹೆಚ್ಚು ದೂರದಲ್ಲಿರಬೇಕು. ಕೇಂದ್ರದ ಬೇಲಿಗೆ ದನಕರು ಕಟ್ಟುವುದು, ಬಟ್ಟೆ ಒಣಗಿಸುವುದು, ಸೌರ ಫಲಕಕ್ಕೆ ನೆರಳಾಗುವಂತೆ ಗಿಡ ಬೆಳೆಸುವುದು ಸಲ್ಲದು. ಆಲಿಕೆಗೆ ನೀರು ಸುರಿದು ಪರೀಕ್ಷಿಸಲೇಬಾರದು. ಹಾಗೆ ಸುರಿದ ನೀರು ಮಳೆಯೆಂದೇ ದಾಖಲಾಗುತ್ತದೆ. ಯಂತ್ರದ ಪೆಟ್ಟಿಗೆಯನ್ನು ಅಧಿಕೃತ ಸಿಬ್ಬಂದಿ ಮಾತ್ರ ತೆರೆಯತಕ್ಕದ್ದು.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ತೋಟದಲ್ಲಿ ಭಾರಿ ಮಳೆಯಾಗಿದೆ, ಯಂತ್ರದಲ್ಲಿ ಕಡಿಮೆ ದಾಖಲಾಗಿದೆ. ಯಂತ್ರ ಕೆಟ್ಟಿದೆಯೆಂದು ತಿಳಿಯಬಹುದೇ?
ಉತ್ತರ: ಹಾಗೆಂದು ಹೇಳಲಾಗದು. ಒಂದೇ ಪಂಚಾಯಿತಿಯೊಳಗೂ ಮಳೆಯ ಪ್ರಮಾಣದಲ್ಲಿ ವ್ಯತ್ಯಾಸ ಇರುತ್ತದೆ. ನೆರೆಯ ಕೇಂದ್ರಗಳ ಅಂಕಿ ಹಾಗೂ ಆ ದಿನ ಬಂದ ದಾಖಲೆಗಳ ಸಂಖ್ಯೆಯನ್ನು ಪರಿಶೀಲಿಸಬೇಕು.

ಪ್ರಶ್ನೆ: ಪತ್ರಿಕೆಯಲ್ಲಿ ಪ್ರಕಟವಾದ ದಿನದ ಮಳೆಗೂ ಮನೆಯ ಲೆಕ್ಕಕ್ಕೂ ಏಕೆ ವ್ಯತ್ಯಾಸ?
ಉತ್ತರ: ಮಳೆಯ ದಿನವನ್ನು ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ ಲೆಕ್ಕ ಹಾಕಲಾಗುತ್ತದೆ. ರಾತ್ರಿ ಬಿದ್ದ ಮಳೆ ಮರುದಿನದ ವರದಿಯಲ್ಲಿ ಸೇರಿರುತ್ತದೆ.

ಪ್ರಶ್ನೆ: ಯಂತ್ರದ ದಾಖಲೆಗಳನ್ನು ಪಡೆಯಬಹುದೇ?
ಉತ್ತರ: ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗುತ್ತದೆ. ಅರ್ಜಿಯಲ್ಲಿ ದಿನದ ಒಟ್ಟು ಮಳೆಯನ್ನಷ್ಟೇ ಕೇಳದೆ, 15 ನಿಮಿಷಗಳ ದಾಖಲೆಗಳನ್ನೂ, ದಾಖಲೆ ಬಾರದ ಅವಧಿಗಳ ವಿವರವನ್ನೂ, ಬದಲಿ ಕೇಂದ್ರದ ಅಂಕಿಗಳನ್ನು ಬಳಸಿದ್ದಲ್ಲಿ ಅದರ ವಿವರವನ್ನೂ ಕೋರುವುದು ಉಪಯುಕ್ತ. ಪರಿಹಾರ ನಿರ್ಧಾರದ ಬಗ್ಗೆ ಆಕ್ಷೇಪಣೆ ಇದ್ದಲ್ಲಿ ಈ ದಾಖಲೆಗಳೊಂದಿಗೆ ಜಿಲ್ಲಾ ಮಟ್ಟದ ಕುಂದುಕೊರತೆ ನಿವಾರಣಾ ಸಮಿತಿಗೆ ಮನವಿ ಸಲ್ಲಿಸಬಹುದಾಗಿದೆ.