ಇಬ್ಬರು ವಾಸುದೇವಾಚಾರ್ಯರು

ನಮ್ಮ ಹಿರಿಯರು ಶಿಶುವಿಗೆ ನಾಮಕರಣ ಮಾಡುವಾಗ ಹೊಸ ಹೆಸರಿಗಾಗಿ ತಡಕಾಡುತ್ತಿದ್ದವರಲ್ಲ. ಕುಲದೈವದ ಹೆಸರೋ ಗತಿಸಿದ ಅಜ್ಜನ ಹೆಸರೋ ತೊಟ್ಟಿಲು ಕಟ್ಟುವ ಮುನ್ನವೇ ಸಿದ್ಧವಾಗಿರುತ್ತಿದ್ದುದರಿಂದ, ಒಂದೇ ಅಗ್ರಹಾರದಲ್ಲಿ ಮೂವರು ನರಸಿಂಹಾಚಾರ್ಯರೂ ನಾಲ್ವರು ಕೃಷ್ಣಾಚಾರ್ಯರೂ ಇದ್ದರೆ ಅದನ್ನು ಯಾರೂ ವಿಚಿತ್ರವೆಂದು ಬಗೆಯುತ್ತಿರಲಿಲ್ಲ. ಗುರುತಿನ ಹೊಣೆಯನ್ನು ಊರೋ ವೃತ್ತಿಯೋ ಹೊರುತ್ತಿತ್ತು: ಆಲೂರು ವೆಂಕಟರಾಯರು, ಮುದವೀಡು ಕೃಷ್ಣರಾಯರು ಎನ್ನುವಲ್ಲಿ ಊರು ಮುಂದೆ ನಿಂತಿತು, ವೀಣೆ ಶೇಷಣ್ಣನವರಲ್ಲಿ ವಾದ್ಯವೇ ಆ ಸ್ಥಾನವನ್ನು ಪಡೆಯಿತು. ಈ ಪದ್ಧತಿಯ ಬೆಲೆಯನ್ನು ಅರಿಯಬೇಕಾದರೆ, ಒಂದು ವರ್ಷದ ಅಂತರದಲ್ಲಿ ಹುಟ್ಟಿ ಕನ್ನಡನಾಡಿನ ಎರಡು ದಿಕ್ಕುಗಳಲ್ಲಿ ಕೀರ್ತಿವಂತರಾದ ಇಬ್ಬರು ವಾಸುದೇವಾಚಾರ್ಯರ ಬಾಳನ್ನು ಜತೆಯಲ್ಲಿಟ್ಟು ನೋಡಬೇಕು.

ಮೈಸೂರು ವಾಸುದೇವಾಚಾರ್ಯರು 1865ರಲ್ಲಿ ಜನಿಸಿದರು. ಸಂಸ್ಕೃತಾಧ್ಯಯನದೊಡನೆ ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತವನ್ನು ಕಲಿತು, ಬಳಿಕ ಚಾಮರಾಜ ಒಡೆಯರ ಆಶ್ರಯದಿಂದ ತಿರುವಯ್ಯಾರಿಗೆ ತೆರಳಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರವರ ಶಿಷ್ಯರಾದ ಅವರು, ಮರಳಿ ಬಂದು ಆಸ್ಥಾನ ವಿದ್ವಾಂಸರಾಗಿ, ಬಹುಮಟ್ಟಿಗೆ ತೆಲುಗು ಮತ್ತು ಸಂಸ್ಕೃತಗಳಲ್ಲಿ ಕೃತಿಗಳನ್ನು ರಚಿಸಿದರು. ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಇಂದಿಗೂ ಕಚೇರಿಗಳಲ್ಲಿ ಕೇಳಿಬರುತ್ತಿದೆ. ಅವರ ಅಂಕಿತವೂ ‘ವಾಸುದೇವ’ ಎಂದೇ ಇರುವುದರಿಂದ, ಚರಣದಲ್ಲಿ ಆ ನಾಮವನ್ನು ಉಚ್ಚರಿಸುವ ಗಾಯಕನು ದೇವರನ್ನೂ ವಾಗ್ಗೇಯಕಾರನನ್ನೂ ಒಂದೇ ಉಸಿರಿನಲ್ಲಿ ಸ್ಮರಿಸಿದಂತಾಗುತ್ತದೆ.

ಕೆರೂರು ವಾಸುದೇವಾಚಾರ್ಯರು ಹುಟ್ಟಿದುದು 1866ರಲ್ಲಿ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬಾಗಲಕೋಟೆಯಲ್ಲಿ. ಅಲ್ಲಿ ಕನ್ನಡಕ್ಕೆ ಅರಮನೆಯ ಆಸರೆಯಿರಲಿಲ್ಲ. ಶಾಲೆಯಲ್ಲಿಯೂ ರಂಗಭೂಮಿಯಲ್ಲಿಯೂ ಮರಾಠಿಯದೇ ಮೇಲುಗೈಯಾಗಿದ್ದ ಆ ಸೀಮೆಯಲ್ಲಿ, 1890ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘದಂತಹ ಸಂಸ್ಥೆಗಳೇ ಭಾಷೆಗೆ ಒತ್ತಾಸೆಯಾಗಿದ್ದವು. ವಕೀಲಿಯಿಂದ ಜೀವನವನ್ನು ಸಾಗಿಸುತ್ತ ಈ ಆಚಾರ್ಯರು ನಾಟಕ, ಕಾದಂಬರಿ, ಸಣ್ಣ ಕಥೆಗಳನ್ನು ಬರೆದರು. ‘ಸಚಿತ್ರ ಭಾರತ’, ‘ಶುಭೋದಯ’ ಪತ್ರಿಕೆಗಳನ್ನು ನಡೆಸಿದರು. ಶೇಕ್ಸ್‌ಪಿಯರನ ವೆನಿಸ್ ವರ್ತಕನು ಅವರ ಕೈಯಲ್ಲಿ ‘ಸುರತನಗರದ ಶ್ರೇಷ್ಠಿ’ಯಾಗಿ ನಮ್ಮ ದೇಶದವನೇ ಆಗಿಬಿಟ್ಟನು. 1908ರ ‘ಇಂದಿರೆ’ಯು ಕನ್ನಡದ ಮೊದಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಗಳಲ್ಲಿ ಒಂದೆಂದು ಮಾನ್ಯವಾಗಿದೆ.

ಹೆಸರನ್ನು ಇಬ್ಬರಿಗೂ ಸಂಪ್ರದಾಯವು ಸಮನಾಗಿಯೇ ಹಂಚಿತ್ತು. ಬಾಳಿನ ದಾರಿಯನ್ನು ಮಾತ್ರ ಅವರವರು ಹುಟ್ಟಿದ ಸೀಮೆಯ ಆಳ್ವಿಕೆಯು ಬೇರೆ ಮಾಡಿತು. ಕನ್ನಡ ದೊರೆಯ ಆಶ್ರಯವಿದ್ದವರು, ಸಂಗೀತದ ಪರಂಪರೆಗೆ ಅನುಗುಣವಾಗಿ, ತೆಲುಗಿನಲ್ಲಿಯೂ ಸಂಸ್ಕೃತದಲ್ಲಿಯೂ ಹಾಡು ಕಟ್ಟಿದರು. ಆ ಆಶ್ರಯವಿಲ್ಲದವರು ಕಕ್ಷಿಗಾರರ ಕಾಗದಪತ್ರಗಳ ನಡುವೆ ಬಿಡುವು ಮಾಡಿಕೊಂಡು ಕನ್ನಡವನ್ನೇ ಬರೆದರು. ಅಷ್ಟೇ ಅಲ್ಲ, ಮೈಸೂರು ರಾಜವಂಶದ ಮೂಲಪುರುಷನನ್ನು ಕುರಿತ ‘ಯದುಮಹಾರಾಜ’ ಎಂಬ ಕಾದಂಬರಿಯನ್ನು ಬರೆದವರೂ ಆಸ್ಥಾನದ ಆಚಾರ್ಯರಲ್ಲ, ಬಾಗಲಕೋಟೆಯ ಆಚಾರ್ಯರೇ.

ಕೆರೂರರು 1921ರಲ್ಲಿ ಕಾಲವಾದರು. ಮೈಸೂರಿನವರು ದೀರ್ಘಾಯುಗಳು, ಇಳಿವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರದಲ್ಲಿ ಪಾಠ ಹೇಳುತ್ತ, ರುಕ್ಮಿಣೀದೇವಿಯವರ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತವನ್ನು ಕೂಡಿಸಿದರು, ಸಂಗೀತಗಾರರ ಚಿತ್ರಗಳನ್ನೊಳಗೊಂಡ ‘ನಾ ಕಂಡ ಕಲಾವಿದರು’ ಎಂಬ ಪುಸ್ತಕದಿಂದ ತಾವೂ ಕನ್ನಡದ ಗದ್ಯಲೇಖಕರೆನಿಸಿದರು. 1956ರಲ್ಲಿ ಮೈಸೂರೂ ಬಾಗಲಕೋಟೆಯೂ ಒಂದೇ ರಾಜ್ಯಕ್ಕೆ ಸೇರಿದುದನ್ನು ಕಂಡು, 1959ರಲ್ಲಿ ಪದ್ಮಭೂಷಣರಾಗಿ, 1961ರಲ್ಲಿ ತೀರಿಕೊಂಡರು. ನಾಡು ಒಂದಾದರೂ ಅವರಿಬ್ಬರ ಹೆಸರಿನ ಮುಂದಣ ಊರುಗಳು ಕದಲಲಿಲ್ಲ, ಕದಲಬಾರದು ಕೂಡ. ಅವುಗಳನ್ನು ತೆಗೆದುಬಿಟ್ಟರೆ, ಒಬ್ಬರಿಗೆ ಅರಮನೆ ಕೊಟ್ಟುದೆಷ್ಟು, ಇನ್ನೊಬ್ಬರು ತಾವೇ ದುಡಿದು ಗಳಿಸಿದುದೆಷ್ಟು ಎಂಬ ಲೆಕ್ಕವೂ ಅಳಿಸಿಹೋದೀತು.