ಗಣಕ ಏಕೆ ತಿಣುಕುತ್ತದೆ?

ಅಕ್ಕ ಬಳಸಿ ಎದ್ದ ಮೇಲೆ ನೀವು ಕುಳಿತರೆ ಮನೆಯ ಗಣಕ ಆಮೆಯಂತೆ ತೆವಳುತ್ತದೆಯೆ? ಈ ತೊಂದರೆಗೆ ಅರ್ಧ ಶತಮಾನ ಮೀರಿದ ಇತಿಹಾಸವಿದೆ.

1962ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಲ್ಬರ್ನ್ ಮತ್ತು ಸಂಗಡಿಗರ 'ಅಟ್ಲಾಸ್' ಗಣಕ ಕಾರ್ಯಾರಂಭ ಮಾಡಿತು. ಅದರ ಮುಖ್ಯ ಸ್ಮೃತಿ ಚಿಕ್ಕದು, ದುಬಾರಿ. ಕಾಂತೀಯ ಡ್ರಮ್ಮು ದೊಡ್ಡದು, ಆದರೆ ನಿಧಾನ. ಮಾಹಿತಿಯನ್ನು 'ಪುಟ'ಗಳಾಗಿ ವಿಂಗಡಿಸಿ, ಬೇಕಾದುದನ್ನು ಸ್ಮೃತಿಗೆ ತಂದು, ಬೇಡವಾದುದನ್ನು ಡ್ರಮ್ಮಿಗೆ ಕಳುಹಿಸಿದಾಗ ಎರಡೂ ಸೇರಿ ಒಂದೇ ದೊಡ್ಡ ಸ್ಮೃತಿಯಂತೆ ತೋರಿದವು. ಇದೇ ವರ್ಚುವಲ್ ಮೆಮೊರಿ. ಇಂದು ಡ್ರಮ್ಮಿನ ಕೆಲಸವನ್ನು ಡಿಸ್ಕ್ ಮಾಡುತ್ತದೆ.

ಆದರೆ ಒಂದೇ ಗಣಕವನ್ನು ಹಲವರು ಹಂಚಿಕೊಂಡಾಗ ಅದು ಪುಟಗಳನ್ನು ಸಾಗಿಸುವುದರಲ್ಲೇ ಹೊತ್ತು ಕಳೆಯತೊಡಗಿತು! ಕಾರಣವನ್ನು 1968ರಲ್ಲಿ ಅಮೆರಿಕದ ಪೀಟರ್ ಡೆನ್ನಿಂಗ್ ವಿವರಿಸಿದರು. ಪ್ರತಿ ಕೆಲಸಕ್ಕೂ ಆ ಹೊತ್ತಿಗೆ ಬೇಕೇಬೇಕಾದ ಪುಟಗಳ ಗುಂಪೊಂದಿರುತ್ತದೆ. ಎಲ್ಲ ಗುಂಪುಗಳಿಗೂ ಸ್ಮೃತಿಯಲ್ಲಿ ಜಾಗ ಸಾಲದಿದ್ದರೆ ಕೆಲವು ಕೆಲಸಗಳನ್ನು ತಡೆಹಿಡಿಯಬೇಕು.

ಈಗ ನೀವೇ ಪರೀಕ್ಷಿಸಿ. ಟಾಸ್ಕ್ ಮ್ಯಾನೇಜರ್ ತೆರೆದು ಸ್ಮೃತಿ ಯಾರ ಪಾಲಾಗಿದೆ ನೋಡಿ. ಅಕ್ಕ ಲಾಗ್ ಔಟ್ ಮಾಡದೆ ಎದ್ದಿದ್ದರೆ ಆಕೆಯ ತಂತ್ರಾಂಶಗಳು ಇನ್ನೂ ಜಾಗ ಹಿಡಿದಿರುತ್ತವೆ. ಸಿಟ್ಟಿನಿಂದ ಸ್ವಿಚ್ ಆರಿಸಬೇಡಿ. ಆಕೆ ಉಳಿಸದ ಬರಹ ಅಳಿಸಿಹೋದೀತು. ಆಕೆಯನ್ನೇ ಕರೆದು, ಉಳಿಸಿ ಮುಚ್ಚಲು ಹೇಳಿ. ಆಮೇಲೂ ಗಣಕ ತಿಣುಕಿದರೆ ಹೆಚ್ಚಿನ ರ್‍ಯಾಮ್ ಕೊಳ್ಳುವ ಯೋಚನೆ ಮಾಡಿ.