ಎರಡು ತಂತಿ, ಮೂವತ್ತೆರಡು ಯಂತ್ರ: ಆರ್‌ಎಸ್-485 ನಡೆದು ಬಂದ ದಾರಿ

ಸೋಲಾರ್ ಇನ್ವರ್ಟರ್, ಕಾರ್ಖಾನೆಯ ವಿದ್ಯುತ್ ಮೀಟರ್, ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ ಇವುಗಳಲ್ಲಿ ಹಲವಕ್ಕೆ ಎ, ಬಿ ಎಂದು ಗುರುತು ಹಾಕಿದ ಎರಡು ಪುಟ್ಟ ಟರ್ಮಿನಲ್‌ಗಳಿರುತ್ತವೆ. ಆ ಜೋಡಣೆಯ ಹೆಸರು ಆರ್‌ಎಸ್-485. ಮೊಬೈಲ್ ಚಾರ್ಜರಿನ ಪಿನ್ನೇ ಎಷ್ಟೋ ಸಲ ಬದಲಾಯಿತು. 1983ರ ಈ ಜೋಡಣೆ ಮಾತ್ರ ಹೇಗೆ ಉಳಿಯಿತು? ಹುಡುಕುತ್ತಾ ಹೋದ ನಾವು ಹತ್ತೊಂಬತ್ತನೇ ಶತಮಾನದ ಟೆಲಿಫೋನ್ ಕಂಬದ ಬುಡಕ್ಕೆ ಬಂದು ನಿಂತೆವು.

ಮೊದಮೊದಲ ಟೆಲಿಫೋನ್ ಲೈನಿಗೆ ಒಂದೇ ತಂತಿ. ಕರೆಂಟು ಮರಳಲು ಭೂಮಿಯೇ ದಾರಿ. ಪಕ್ಕದ ಟೆಲಿಗ್ರಾಫ್ ತಂತಿಯ ಸದ್ದು ಮಾತಿನೊಳಗೆ ನುಗ್ಗುತ್ತಿತ್ತು. 1881ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಹೊಸೆದ ಜೋಡಿಯ ಮೇಲೆ ಹೊರಗಿನ ಗದ್ದಲ ಹೆಚ್ಚುಕಡಿಮೆ ಸಮನಾಗಿ ಬೀಳುತ್ತದೆ. ತಕ್ಕಡಿಯ ಎರಡೂ ತಟ್ಟೆಗೆ ಒಂದೇ ತೂಕದ ಕಲ್ಲು ಹಾಕಿದರೆ ಮುಳ್ಳು ಅಲ್ಲಾಡುವುದಿಲ್ಲವಲ್ಲ, ಹಾಗೆ. ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಓದಿದರೆ ಗದ್ದಲ ಕಳೆದು ಸಂದೇಶ ಉಳಿಯುತ್ತದೆ.

ಕಂಪ್ಯೂಟರ್ ಕಾಲದಲ್ಲಿ ಮತ್ತೆ ಅದೇ ತೊಡಕು ಎದುರಾಯಿತು. ಅಮೆರಿಕದ ಎಲೆಕ್ಟ್ರಾನಿಕ್ ಇಂಡಸ್ಟ್ರೀಸ್ ಅಸೋಸಿಯೇಷನ್ 1960ರಲ್ಲಿ ಆರ್‌ಎಸ್-232 ಎಂಬ ಮಾನದಂಡ ತಂದಿತು. ಅದು ಟರ್ಮಿನಲ್ಲಿಗೂ ಮೋಡೆಮ್ಮಿಗೂ ಸಂಪರ್ಕ ಕಲ್ಪಿಸಲು ಸಾಕಿತ್ತು. ಆದರೆ ಒಂದು ಕೇಬಲ್ಲಿಗೆ ಎರಡೇ ಸಾಧನ, ದೂರ ಸುಮಾರು 15 ಮೀಟರ್. ದೊಡ್ಡ ದೊಡ್ಡ ಮೋಟಾರುಗಳು ಓಡುವ ಕಾರ್ಖಾನೆಗೆ ಇದು ಹೇಳಿದ್ದಲ್ಲ.

1970ರ ದಶಕದಲ್ಲಿ ಬಂದ ಆರ್‌ಎಸ್-422 ಹೊಸೆದ ಜೋಡಿಯನ್ನು ಮರಳಿ ತಂದಿತು. ಅದರಲ್ಲಿ ಮಾತಾಡುವವರು ಒಬ್ಬರು, ಕೇಳುವವರು ಹತ್ತು ಮಂದಿ. 1983ರ ಆರ್‌ಎಸ್-485 ಎಲ್ಲರಿಗೂ ಮಾತಾಡುವ ಅವಕಾಶ ಕೊಟ್ಟಿತು. ಷರತ್ತು ಒಂದೇ: ತನ್ನ ಸರದಿ ಮುಗಿದೊಡನೆ ಸಾಧನ ತಂತಿಯನ್ನು ಬಿಟ್ಟುಕೊಡಬೇಕು. ಒಂದೇ ಜೋಡಿ ತಂತಿಯಲ್ಲಿ 32 ಸಾಧನ, ವೇಗ ಕಡಿಮೆ ಇದ್ದರೆ 1,200 ಮೀಟರ್ ದೂರ. ಸಾಧನ ಕನಿಷ್ಠ 1.5 ವೋಲ್ಟ್ ವ್ಯತ್ಯಾಸದಲ್ಲಿ ಮಾತಾಡುತ್ತದೆ. ದಾರಿಯಲ್ಲಿ ಸೊರಗಿ 0.2 ವೋಲ್ಟ್ ಉಳಿದರೂ ಕೇಳುವ ಕಡೆ ಅರ್ಥವಾಗುತ್ತದೆ. ಲೈನಿನ ಎರಡೂ ತುದಿಗೆ 120 ಓಮ್‌ನ ರೆಸಿಸ್ಟರ್ ಹಾಕುವುದು ವಾಡಿಕೆ. ಇಲ್ಲದಿದ್ದರೆ ಸಿಗ್ನಲ್ ತುದಿಗೆ ಬಡಿದು ಪ್ರತಿಧ್ವನಿಯಂತೆ ಹಿಂದಿರುಗುತ್ತದೆ.

ಈ ಮಾನದಂಡ ಹೇಳದೆ ಬಿಟ್ಟ ಸಂಗತಿಯೂ ಮುಖ್ಯ. ವೋಲ್ಟೇಜ್ ಎಷ್ಟಿರಬೇಕು ಎಂದಿತು, ಯಾವ ಭಾಷೆಯಲ್ಲಿ ಮಾತಾಡಬೇಕು ಎನ್ನಲಿಲ್ಲ. ಆ ಜಾಗಕ್ಕೆ ಬೇರೆ ಬೇರೆ ಭಾಷೆಗಳು ಬಂದವು. ಮಾಡಿಕಾನ್ ಕಂಪನಿ 1979ರಲ್ಲೇ ಪ್ರಕಟಿಸಿದ್ದ ಮಾಡ್‌ಬಸ್ ಕಾರ್ಖಾನೆಗಳಲ್ಲಿ ನೆಲೆಯೂರಿತು. 1986ರ ಡಿಎಂಎಕ್ಸ್512 ರಂಗದ ದೀಪಗಳಿಗೆ ಬಂತು. ಊರ ಉತ್ಸವದ ವೇದಿಕೆಯಲ್ಲಿ ಬಣ್ಣ ಬದಲಿಸುವ ಎಲ್‌ಇಡಿ ದೀಪಗಳಲ್ಲಿ ಹಲವು ಇಂದಿಗೂ ಇದನ್ನೇ ಕೇಳಿಸಿಕೊಳ್ಳುತ್ತವೆ.

ನಮ್ಮಂಥ ಊರುಗಳ ಲಾಭ-ನಷ್ಟ ಇರುವುದು ಇಲ್ಲಿಯೇ. ತಂತಿ ಯಾರ ಸ್ವತ್ತೂ ಅಲ್ಲ. ಲೈನ್ ಕೆಟ್ಟರೆ ತಾಲ್ಲೂಕಿನ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ಪತ್ತೆ ಮಾಡಬಲ್ಲ. ಕಂಪನಿಗಳು ಎ, ಬಿ ಗುರುತನ್ನು ತಿರುವು ಮುರುವು ಹಾಕಿದ್ದರೂ ಅದಲುಬದಲು ಮಾಡಿ ನೋಡಬಲ್ಲ. ಆದರೆ ಯಾವ ಮಾಹಿತಿ ಯಾವ ಸಂಖ್ಯೆಯಡಿ ಇದೆ ಎಂಬ ರಿಜಿಸ್ಟರ್ ಪಟ್ಟಿಯನ್ನು ಕಂಪನಿ ಮುಚ್ಚಿಟ್ಟರೆ ಅವನ ಕೈ ಕಟ್ಟಿದಂತೆ. ನಮ್ಮ ಚಾವಣಿಯ ಮೇಲೆ ಎಷ್ಟು ಕರೆಂಟು ಹುಟ್ಟಿತು ಎಂಬುದನ್ನೂ ಅದೇ ಕಂಪನಿಯ ಆ್ಯಪ್‌ನಲ್ಲೇ ನೋಡಬೇಕು. ಕಂಪನಿ ಬಾಗಿಲು ಮುಚ್ಚಿದರೆ ಅದೂ ಇಲ್ಲ.

ಆದ್ದರಿಂದ ಇನ್ವರ್ಟರ್ ಕೊಳ್ಳುವಾಗ ವಾರಂಟಿ ಕಾರ್ಡಿನ ಜೊತೆಗೆ ಮಾಡ್‌ಬಸ್ ರಿಜಿಸ್ಟರ್ ಪಟ್ಟಿಯನ್ನೂ ಕೇಳಿ ಪಡೆಯಿರಿ. ಪಂಚಾಯಿತಿ, ಸಹಕಾರ ಸಂಘಗಳು ಟೆಂಡರ್ ಕರೆಯುವಾಗ ಅದನ್ನು ಒಂದು ಷರತ್ತಾಗಿ ಬರೆದರೆ ಇನ್ನೂ ಒಳ್ಳೆಯದು.